ಅರವತ್ಮೂರು ಟನ್ ಜೊತೆ ಬೌಟ್ಸೆನ್‌ನಿಂದ ಲೈಪ್‌ಜಿಗ್‌ಗೆ: ಆರು ದಿನದ ಕಥೆ

ದಿನ 1: ಬೌಟ್ಸೆನ್

ವೀಸಾ, ಟಿಕೆಟ್ ಕಥೆ ಎಲ್ಲಾ ಬಿಟ್ಟುಬಿಡ್ತೀನಿ, ಅದ್ರಲ್ಲಿ ಹೇಳೋಕೆ ಏನಿಲ್ಲ. ಡ್ರೆಸ್ಡನ್‌ನಿಂದ ಲೋಕಲ್ ರೈಲು ಹಿಡಿದು ಬೌಟ್ಸೆನ್‌ನಲ್ಲಿ ಇಳಿದಾಗ ಮಧ್ಯಾಹ್ನ ಮೂರೂವರೆ. ನವೆಂಬರ್ ಕೊನೆ ವಾರ, ಅಷ್ಟೊತ್ತಿಗೇ ಕತ್ತಲಾಗ್ತಾ ಇತ್ತು. ಊರಿನ ಬೋರ್ಡ್ ಮೇಲೆ ಎರಡು ಹೆಸರು, ಬೌಟ್ಸೆನ್ ಅಂತ ಒಂದು, ಬುಡಿಶಿನ್ ಅಂತ ಇನ್ನೊಂದು. ಎರಡನೇದು ಸೋರ್ಬಿಯನ್ ಭಾಷೆ, ಜರ್ಮನಿಯ ಈ ಪೂರ್ವದ ಮೂಲೆಯಲ್ಲಿ ಉಳ್ಕೊಂಡಿರೋ ಸಣ್ಣ ಸ್ಲಾವಿಕ್ ಜನಾಂಗದ ಮಾತು. ಟ್ಯಾಕ್ಸಿಯವರು ಐವತ್ತು ದಾಟಿದವರು, ಅವರ ಅಜ್ಜಿ ಮನೆಯಲ್ಲಿ ಅದೇ ಭಾಷೆ ಆಡ್ತಿದ್ರಂತೆ, ತನಗೆ ಬೈಗುಳ ಮತ್ತು ಲಾಲಿ ಹಾಡು ಮಾತ್ರ ಬರುತ್ತೆ, ಆದ್ರೆ ಮಗಳು ಈಗ ಸ್ಕೂಲಲ್ಲಿ ಕಲೀತಿದ್ದಾಳೆ ಅಂತ ಹೇಳುವಾಗ ಅವರ ಮುಖ ನೋಡ್ಬೇಕಿತ್ತು. ಬೀದಿ ಹೆಸರುಗಳೂ ಎರಡೆರಡು ಭಾಷೆಯಲ್ಲಿ, ದಾರಿಯುದ್ದ ಅದನ್ನೇ ಓದ್ಕೊಂಡು ಹೋದೆ.

ನಾವು ಬಂದಿದ್ದು ಒಂದು ಗ್ಯಾಸ್ ಕಂಪ್ರೆಸರ್, ಅಂದ್ರೆ ಪೈಪ್‌ಲೈನ್‌ನಲ್ಲಿ ಗ್ಯಾಸನ್ನ ಒತ್ತಿ ಮುಂದೆ ತಳ್ಳೋ ಮೆಷಿನ್, ಕರ್ಕೊಂಡು ಹೋಗೋಕೆ. ನಾನು ಮತ್ತೆ ನಮ್ಮ ಸೀನಿಯರ್, ಮೂವತ್ತು ವರ್ಷ ರಿಗ್ಗಿಂಗ್, ಅಂದ್ರೆ ಭಾರೀ ಮೆಷಿನ್ ಎತ್ತಿ ಕೂರಿಸೋ ಕೆಲಸ, ಮಾಡಿರೋರು. ಊರಾಚೆ ಒಂದು ವರ್ಕ್‌ಶಾಪಲ್ಲಿ ಅದು ರಿಪೇರಿ ಆಗಿ ನಿಂತಿತ್ತು. 7.8 ಮೀಟರ್ ಉದ್ದ, 3.9 ಮೀಟರ್ ಅಗಲ, ಫ್ರೇಮ್ ಸೇರಿ 3.7 ಮೀಟರ್ ಎತ್ತರ. ಹೋಗಬೇಕಾಗಿದ್ದು ಕ್ಯಾಸ್ಪಿಯನ್ ಸಮುದ್ರದ ಆಚೆಗೆ, ಹಡಗು, ರಸ್ತೆ, ರೈಲು ಅಂತ ಬದಲಾಯಿಸ್ಕೊಂಡು ಹೋದ್ರೆ ಎರಡು ತಿಂಗಳು, ಅಲ್ಲಿ ಪೈಪ್‌ಲೈನ್ ಸ್ಟೇಷನ್ ಅರ್ಧ ಶಕ್ತಿಯಲ್ಲಿ ನಡೀತಾ ಇದೆ, ಚಳಿಗಾಲ ಶುರುವಾಗಿದೆ. ಹಾಗಾಗಿ ವಿಮಾನ.

ವಿಮಾನ ಅಂದ ತಕ್ಷಣ ಎಲ್ಲರ ತಲೆಗೆ ಬರೋದು 747. ಅದಕ್ಕೂ ಮೂತಿ ಮೇಲೆ ಎತ್ತೋ ಬಾಗಿಲಿದೆ ನಿಜ, ಆದ್ರೆ ಕಾಕ್‌ಪಿಟ್ ಮೇಲ್ಗಡೆ ಕೂತಿರೋದ್ರಿಂದ ಮುಂದಿನ ಬಾಗಿಲಿನ ಎತ್ತರ ಸುಮಾರು ಎರಡೂವರೆ ಮೀಟರ್ ಅಷ್ಟೇ, ಪಕ್ಕದ ಬಾಗಿಲು ಮೂರು ಮೀಟರ್ ಚಿಲ್ಲರೆ. ನಮ್ಮದು 3.7. ಅಲ್ಲಿಗೆ ಆ ಮಾತು ಮುಗೀತು. ಉಳಿದಿದ್ದು ಆಂಟೊನೊವ್ ಎಎನ್-124, ಒಳಗಡೆ 6.4 ಮೀಟರ್ ಅಗಲ, 4.4 ಮೀಟರ್ ಎತ್ತರ, 36 ಮೀಟರ್ ಮೇಲೆ ಉದ್ದ. ಇಡೀ ಪ್ರಪಂಚದಲ್ಲಿ ಐವತ್ತಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಕಟ್ಟಿದ್ದು, ಈಗ ಬಾಡಿಗೆಗೆ ಸಿಗೋದನ್ನ ಕೈಬೆರಳಲ್ಲಿ ಎಣಿಸಬಹುದು. ನಮಗೆ ಸಿಕ್ಕ ದಿನ ತಪ್ಪಿಸ್ಕೊಂಡ್ರೆ ಮತ್ತೆ ಯಾವಾಗ ಅಂತ ಯಾರೂ ಹೇಳೋ ಹಾಗಿರಲಿಲ್ಲ.

ವರ್ಕ್‌ಶಾಪಲ್ಲಿ ಸೀನಿಯರ್ ಮೊದಲು ಮಾಡಿದ್ದು ಟಾರ್ಚ್ ಹಿಡ್ಕೊಂಡು ಮೆಷಿನ್ ಕೆಳಗೆ ತೂರಿದ್ದು. ಮೆಷಿನ್ ಕಡೆ ನೋಡ್ಲೇ ಇಲ್ಲ. "ನೋಡಪ್ಪಾ, ಇಲ್ಲಿ ಎರಡು ತೊಲೆಗೆ ಸೀಲ್ ಇಲ್ಲ" ಅಂದ್ರು. ಬೇರೆ ದೇಶಕ್ಕೆ ಹೋಗೋ ಪ್ಯಾಕಿಂಗ್ ಮರವನ್ನ ಒಳಗಿನ ತಿರುಳೆಲ್ಲಾ 56 ಡಿಗ್ರಿ ಆಗೋ ಹಾಗೆ ಮೂವತ್ತು ನಿಮಿಷ ಕಾಯಿಸಿರಬೇಕು, ಹುಳ ಸಾಯೋಕೆ, ಕಾಯಿಸಿದ್ರೆ ಅದರ ಮೇಲೆ ತೆನೆ ಚಿತ್ರದ ಸೀಲ್ ಇರುತ್ತೆ. ಸೀಲ್ ಇಲ್ಲದೇ ಹೋದ್ರೆ ಇಳಿಸೋ ಕಡೆ ಕಸ್ಟಮ್ಸ್‌ನವರು ಇಡೀ ಪೀಸ್ ನಿಲ್ಲಿಸ್ಬಹುದು. ತೊಲೆ ಬದಲಾಯಿಸಿದ್ವಿ, ಆದ್ರೆ ಹೊಸದು ಅಷ್ಟು ದಪ್ಪ ಇರಲಿಲ್ಲ, ಹಾಗಾಗಿ ಭಾರ ಹಂಚೋಕೆ ಅಂತ ಒಂದು ಕಡೆ ನಾಲ್ಕು ಉಕ್ಕಿನ ಐ-ಬೀಮ್ ಅಡ್ಡ ಹಾಕಿಸಿದ್ವಿ. ಈ ಬೀಮ್ ವಿಷಯ ನೆನಪಿಟ್ಕೊಳ್ಳಿ.

ರಾತ್ರಿ ಊಟಕ್ಕೆ ಆಲೂಗಡ್ಡೆ ಸೂಪ್, ದಪ್ಪ ಬ್ರೆಡ್ಡು, ಜೊತೆಗೆ ಬೌಟ್ಸೆನ್ ಸಾಸಿವೆ. ಈ ಊರಿನ ಸಾಸಿವೆ ಜರ್ಮನಿಗೆಲ್ಲಾ ಫೇಮಸ್ಸು. ಬ್ರೆಡ್ ಮೇಲೆ ಬರೀ ಅದನ್ನೇ ಸವರಿಕೊಂಡು ತಿಂದೆ, ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು, ಆ ಚಳಿಗೆ ಅದೇ ಬೇಕಿತ್ತು.

ದಿನ 2: ರಾತ್ರಿ ರಸ್ತೆ

ಹಗಲೆಲ್ಲಾ ಪ್ಲಾಸ್ಟಿಕ್ ಸುತ್ತೋದು, ತೇವ ಹೀರೋ ಚೀಲ ತುಂಬೋದು, ಆಯಿಲ್ ಪೂರ್ತಿ ಬಸಿದಿದೆಯಾ ಅಂತ ನೋಡೋದು. ಫ್ರೇಮಿಗೆ ಒಂದು ಶಾಕ್ ರೆಕಾರ್ಡರ್ ಬಿಗಿದ್ವಿ, ದಾರಿಯಲ್ಲಿ ಎಲ್ಲಿ ಎಷ್ಟು ಜಿ (ಭೂಮಿ ಸೆಳೆತದ ಎಷ್ಟು ಪಟ್ಟು ಅನ್ನೋ ಅಳತೆ) ಹೊಡೆತ ಬಿತ್ತು ಅಂತ ಟೈಮ್ ಸಮೇತ ಬರ್ಕೊಳ್ಳುತ್ತೆ. ಅದರೊಳಗೆ ಲಿಥಿಯಂ ಬ್ಯಾಟರಿ ಇರುತ್ತೆ, ಏರ್ ಕಾರ್ಗೋದಲ್ಲಿ ಅದಕ್ಕೂ ನಿಯಮ ಇದೆ, ಪೇಪರಲ್ಲಿ ತೋರಿಸ್ಬೇಕು. ಅರವತ್ತು ಟನ್ ಕಬ್ಬಿಣದ ಪೇಪರ್ ಎಲ್ಲಾ ಸರಿ ಇದ್ದು ಅಂಗೈಯಗಲದ ಈ ಡಬ್ಬಿಯಿಂದ ಲೋಡ್ ನಿಂತಿದ್ದನ್ನ ಹಿಂದೆ ಒಂದು ಸಲ ಕಣ್ಣಾರೆ ನೋಡಿದೀನಿ, ಅದಕ್ಕೆ ಇದನ್ನ ಮಾತ್ರ ಯಾರಿಗೂ ಬಿಡದೆ ನಾನೇ ಮಾಡಿದೆ.

ಜರ್ಮನಿಯಲ್ಲಿ ಇಷ್ಟು ದೊಡ್ಡ ಲೋಡು ರಸ್ತೆಗಿಳಿಯೋದು ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ. ಹತ್ತಕ್ಕೆ ಸರಿಯಾಗಿ ಗೇಟು ತೆಗೆದ್ರು. ಸಾಲು ಸಾಲು ಆಕ್ಸಲ್ ಇರೋ ಟ್ರೇಲರ್, ಒಂದೊಂದು ಸಾಲೂ ಬೇರೆ ಬೇರೆಯಾಗಿ ತಿರುಗುತ್ತೆ, ಹಿಂದೆ ಮುಂದೆ ಹಳದಿ ದೀಪದ ಎಸ್ಕಾರ್ಟ್ ವ್ಯಾನು. ವರ್ಕ್‌ಶಾಪಿಂದ ಮೇನ್ ರೋಡಿಗೆ ಬರೋ ದಾರಿಯಲ್ಲಿ ಒಂದು ಹಳೇ ರೈಲು ಹಳಿ, ಈಗ ರೈಲೇನೂ ಓಡಲ್ಲ, ಟಾರಿನೊಳಗೆ ಹೂತು ಹೋಗಿದೆ. ನಾನು ಟ್ರೇಲರ್ ಹಿಂದೆ ನಡ್ಕೊಂಡು ಬರ್ತಿದ್ದೆ. ಟ್ರೇಲರ್ ಹಳಿ ದಾಟುವಾಗ ದಢ್ ಅಂತ ಒಂದು ಸದ್ದು. ಎದೆ ಧಸಕ್ ಅಂತು. ನಿಲ್ಲಿಸಿ ಟಾರ್ಚ್ ಬಿಟ್ಟು ಚೈನ್, ತೊಲೆ ಎಲ್ಲಾ ನೋಡಿದ್ವಿ, ಏನೂ ಜರುಗಿರಲಿಲ್ಲ. ಮುಂದೆ ಹೊರಟ್ವಿ.

ಎ4 ಹೆದ್ದಾರಿಯಲ್ಲಿ ಬೌಟ್ಸೆನ್ ಬಿಟ್ಟ ಮೇಲೆ ಬುರ್ಕಾವ್ ಏರು ಬರುತ್ತೆ. ಲಾರಿಯವರೆಲ್ಲಾ ಹೆಸರು ಹೇಳಿದ್ರೇ ತಲೆ ಅಲ್ಲಾಡಿಸೋ ಜಾಗ. ಹಿಂದಿನಿಂದ ತಳ್ಳೋಕೆ ಇನ್ನೊಂದು ಟ್ರ್ಯಾಕ್ಟರ್ ಹಾಕಿದ್ರು. ಮಂಜು ಎಷ್ಟು ದಟ್ಟ ಅಂದ್ರೆ ಎಸ್ಕಾರ್ಟ್ ವ್ಯಾನಿನಲ್ಲಿ ಕೂತ ನನಗೆ ಮುಂದಿದ್ದ ಟ್ರೇಲರ್‌ನ ಹಿಂದಿನ ದೀಪ ಮಾತ್ರ ಕಾಣ್ತಿತ್ತು, ಮೆಷಿನ್ ಕಾಣ್ತಿರಲಿಲ್ಲ, ಇಂಜಿನ್ನಿನ ಸದ್ದು ಮಾತ್ರ. ನಡೆದುಕೊಂಡು ಹೋಗೋ ಸ್ಪೀಡಲ್ಲಿ ಹತ್ತಿದ್ವಿ. ವ್ಯಾನ್ ಓಡಿಸ್ತಿದ್ದವರು ಅರವತ್ತು ದಾಟಿದ ಹಿರಿಯರು, ರೇಡಿಯೋದಲ್ಲಿ ಟ್ರೇಲರ್ ಡ್ರೈವರ್ ಜೊತೆ ಎರಡೇ ಎರಡು ಪದದಲ್ಲಿ ಮಾತಾಡ್ತಾ, ನಡುನಡುವೆ ನನಗೆ ಒಡಕು ಇಂಗ್ಲಿಷಲ್ಲಿ ಎಲ್ಲಾ ವಿವರಿಸ್ತಾ ಬಂದ್ರು. ಮೂರು ಗಂಟೆಗೆ ಡ್ರೆಸ್ಡನ್ ಹೊರಗೆ ಪಾರ್ಕಿಂಗ್ ಸೇರಿದಾಗ ಫ್ಲಾಸ್ಕಿಂದ ಸೋಲ್ಯಾಂಕಾ ಸೂಪ್ ತೆಗೆದ್ರು, ಹುಳಿ ಹುಳಿ ವಾಸನೆ, ಪೂರ್ವ ಜರ್ಮನಿ ಕಾಲದಿಂದ ಇಲ್ಲಿಯವರ ಮನೆಮಾತಾಗಿರೋ ಅಡುಗೆ. ಅದ್ರಲ್ಲಿ ಸಾಸೇಜ್ ಇತ್ತು, ನಾನು ತಿನ್ನಲ್ಲ ಅಂದೆ. ಮರುಮಾತಿಲ್ಲದೆ ತಮ್ಮ ಡಬ್ಬಿಯಿಂದ ಎರಡು ಸೇಬು ತೆಗೆದು ಕೊಟ್ರು.

ದಿನ 3: ಡ್ರೆಸ್ಡನ್, ಸೇತುವೆ

ಹಗಲು ಲೋಡ್ ಅಲ್ಲಾಡೋ ಹಾಗಿಲ್ಲ, ಹಾಗಾಗಿ ಮಧ್ಯಾಹ್ನದವರೆಗೆ ನಿದ್ದೆ. ಆಮೇಲೆ ಎಸ್ಕಾರ್ಟ್ ಹಿರಿಯರು "ಬನ್ನಿ, ನಿಮಗೆ ಒಂದು ಜಾಗ ತೋರಿಸ್ಬೇಕು" ಅಂತ ಎಲ್ಬಾ ನದಿ ದಡಕ್ಕೆ ಕರ್ಕೊಂಡು ಹೋದ್ರು. ಕರೋಲಾ ಸೇತುವೆ ಇದ್ದ ಜಾಗ. 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಅದರ ಒಂದು ಭಾಗ ತಾನಾಗೇ ನದಿಗೆ ಕುಸೀತು, ಕೆಲವೇ ನಿಮಿಷ ಮುಂಚೆ ಅದರ ಮೇಲೆ ಟ್ರಾಮ್ ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ ಅನ್ನೋದೇ ದೊಡ್ಡದು. ಕಾಂಕ್ರೀಟ್ ಒಳಗೆ ಬಿಗಿದಿರೋ ಉಕ್ಕಿನ ತಂತಿಗಳು ಒಳಗೊಳಗೇ ಸೀಳಿ ಹೋಗಿದ್ವು. ಹಿರಿಯರು ಸುಮಾರು ಹೊತ್ತು ಸುಮ್ಮನೆ ನೀರು ನೋಡ್ತಾ ನಿಂತಿದ್ರು. ಆಮೇಲೆ ಹೇಳಿದ್ರು, ನಮ್ಮ ಮೆಷಿನ್ ವಿಮಾನದಲ್ಲಿ ನಾಲ್ಕೈದು ಗಂಟೆ ಇರುತ್ತೆ ಅಷ್ಟೇ, ಆದ್ರೆ ಅದು ವಿಮಾನದ ಹತ್ರ ಬರೋದು ಇಂಥ ಸೇತುವೆಗಳ ಮೇಲೆ, ಪ್ರತಿಯೊಂದು ಸೇತುವೆಗೂ ಆಕ್ಸಲ್ ಲೆಕ್ಕ ಹಾಕಿ ಪರ್ಮಿಟ್ ಬರಬೇಕು, ಈಗ ಆ ಪರ್ಮಿಟ್ ಬರೋಕೇ ವಾರಗಟ್ಟಲೆ ಆಗುತ್ತೆ ಅಂತ. ಈ ಕೆಲಸಕ್ಕೆ ಹೊಸದಾಗಿ ಬರೋರಿಗೆ ನಾನೂ ಅದನ್ನೇ ಹೇಳ್ತೀನಿ, ವಿಮಾನ ಬುಕ್ ಮಾಡೋ ಮೊದಲು ರಸ್ತೆ ಪರ್ಮಿಟ್ ಅರ್ಜಿ ಹಾಕಿ.

ಗಾಳಿ ಮುಖ ಕೊರೀತಾ ಇತ್ತು, ಹತ್ತಿರದ ಬೇಕರಿಗೆ ನುಗ್ಗಿ ಐಯರ್‌ಶೆಕೆ ತಿಂದ್ವಿ. ಮೂರು ಪದರದ ಕೇಕು, ಕೆಳಗೆ ಹಿಟ್ಟು, ನಡುವೆ ಗಿಣ್ಣಿನ ಥರ ಮೆತ್ತಗಿನ ಪದರ, ಮೇಲೆ ಮೊಟ್ಟೆಯ ಕೆನೆ. ಸೀನಿಯರ್ ಎರಡು ತಿಂದ್ರು.

ರಾತ್ರಿ ಹತ್ತಕ್ಕೆ ಮತ್ತೆ ಶುರು. ನೊಸ್ಸನ್ ಹತ್ರ ಎ4 ಬಿಟ್ಟು ಎ14 ಹಿಡಿದ್ವಿ. ಆಕಾಶ ತಿಳಿಯಾಗಿತ್ತು, ರಸ್ತೆ ಪಕ್ಕದ ಹೊಲದಲ್ಲಿ ಹಿಮದ ಪುಡಿ ಹೊಳೀತಾ ಇತ್ತು. ನಾಲ್ಕೂವರೆ ಹೊತ್ತಿಗೆ ಲೈಪ್‌ಜಿಗ್ ದಾಟಿ ಶ್ಕೊಯ್ಡಿಟ್ಸ್ ಕಡೆ ಬರ್ತಿದ್ದಂಗೆ ಹೆದ್ದಾರಿ ಮೇಲೆ ಅಡ್ಡಲಾಗಿ ಒಂದು ಸೇತುವೆ, ಅದರ ಮೇಲೆ ನಿಧಾನಕ್ಕೆ ಒಂದು ಕಾರ್ಗೋ ವಿಮಾನ ಉರುಳ್ಕೊಂಡು ಹೋಗ್ತಿದೆ! ಲೈಪ್‌ಜಿಗ್/ಹಾಲೆ ಏರ್‌ಪೋರ್ಟಿನ ಎರಡು ರನ್‌ವೇ ನಡುವೆ ಈ ಹೆದ್ದಾರಿ, ರೈಲು ಹಳಿ ಎರಡೂ ಹಾದು ಹೋಗುತ್ತೆ, ವಿಮಾನಗಳು ಸೇತುವೆ ಮೇಲೆ ದಾಟುತ್ತವೆ. ಕೆಳಗಡೆ ನಾವು ಅರವತ್ತು ಟನ್ ಹೊತ್ಕೊಂಡು, ಮೇಲ್ಗಡೆ ಅದು. ಇಂಥ ಗಳಿಗೆಗೋಸ್ಕರವೇ ನಾನು ಈ ಕೆಲಸದಲ್ಲಿ ಇರೋದು.

ದಿನ 4: ತೂಕದ ದಿನ

ಉಳ್ಕೊಂಡಿದ್ದು ಶ್ಕೊಯ್ಡಿಟ್ಸ್ ಪಟ್ಟಣದಲ್ಲೇ. ಇಲ್ಲಿಗೆ ಬರೋರು ಲೈಪ್‌ಜಿಗ್ ಪೇಟೆಯಲ್ಲೇ ಇರಬೇಕು ಅಂತೇನಿಲ್ಲ, ಆದ್ರೆ ರಾತ್ರಿ ನಿದ್ದೆ ಹಗುರ ಇರೋರು ಪೇಟೆಯಲ್ಲೇ ಇರಿ, ಈ ಏರ್‌ಪೋರ್ಟ್ ಇಪ್ಪತ್ನಾಲ್ಕು ಗಂಟೆ ಓಡುತ್ತೆ, 2008ರಿಂದ ಡಿಎಚ್‌ಎಲ್‌ನ ದೊಡ್ಡ ಕೇಂದ್ರ ಇಲ್ಲೇ. ರಾತ್ರಿಯಲ್ಲೇ ಹೆಚ್ಚು ಓಡಾಟ.

ಎಎನ್-124 ಹಿಂದಿನ ದಿನವೇ ಬಂದು ನಿಂತಿತ್ತು. 2006ರಿಂದ ನೇಟೋ ದೇಶಗಳ ಭಾರೀ ಸರಕು ಸಾಗಾಟದ ಒಪ್ಪಂದಕ್ಕಾಗಿ ಈ ವಿಮಾನಗಳು ಇಲ್ಲಿ ಇರ್ತಿದ್ವು, 2022ರಲ್ಲಿ ಯುದ್ಧ ಶುರುವಾದ ಮೇಲೆ ಉಕ್ರೇನಿನ ಆಂಟೊನೊವ್ ಏರ್‌ಲೈನ್ಸ್‌ಗೆ ಲೈಪ್‌ಜಿಗ್ಗೇ ಮನೆ. ಹತ್ತಿರದಿಂದ ನೋಡಿದ್ರೆ ಮೊದಲು ಕಣ್ಣಿಗೆ ಬೀಳೋದು ಚಕ್ರಗಳು, ಇಪ್ಪತ್ನಾಲ್ಕು ಚಕ್ರ.

ಲೋಡ್‌ಮಾಸ್ಟರ್, ಅಂದ್ರೆ ವಿಮಾನಕ್ಕೆ ಸರಕು ಹತ್ತಿಸೋ ಜವಾಬ್ದಾರಿ ಇರೋರು, ಉಕ್ರೇನಿನವರು, ಮಾತು ಕಮ್ಮಿ. ಬಂದವರೇ ಫ್ರೇಮಿನ ಅಡಿ ಬಗ್ಗಿ ತೊಲೆಗಳನ್ನ ಬೂಟಲ್ಲಿ ಒದ್ದು ನೋಡಿದ್ರು. ನಮ್ಮ ಸೀನಿಯರ್ ನನ್ನ ಕಡೆ ನೋಡಿ ಕಣ್ಣಲ್ಲೇ "ನೋಡಿದ್ಯಾ" ಅಂದ್ರು. ಲೆಕ್ಕ ಸರಳ. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ್ರೆ ಒಂದೊಂದು ಕಾಲಿಗೂ ಹದಿನೈದು ಟನ್ ಮೇಲೆ ಬಿದ್ದು ವಿಮಾನದ ನೆಲ ತೂತಾಗುತ್ತೆ, ಅದೇ ಭಾರವನ್ನ ಮೂವತ್ತು ಚದರ ಮೀಟರ್‌ಗೆ ಹರಡಿದ್ರೆ ಚದರ ಮೀಟರ್‌ಗೆ ಎರಡು ಟನ್ ಚಿಲ್ಲರೆ. ಭಾರೀ ಸರಕು ಹಾರೋದು ಇಂಜಿನ್ನಿನ ಬಲದಿಂದ ಅಂತ ಜನ ಅಂದ್ಕೋತಾರೆ, ನನಗಂತೂ ಅದು ಆ ತೊಲೆಗಳ ಮೇಲೆ ಹಾರುತ್ತೆ ಅನ್ಸುತ್ತೆ.

ಆಮೇಲೆ ತೂಕ. ಜ್ಯಾಕ್ ಕೆಳಗೆ ಭಾರ ಅಳೆಯೋ ಲೋಡ್ ಸೆಲ್ ಇಟ್ಟು ನಾಲ್ಕೂ ಮೂಲೆ ಎತ್ತಿದ್ರು. ಪೇಪರಲ್ಲಿ ಇದ್ದಿದ್ದು 61.2 ಟನ್. ಮೀಟರ್ ತೋರಿಸಿದ್ದು 62.9. ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದಂಗಾಯ್ತು. ಆ ನಾಲ್ಕು ಐ-ಬೀಮ್! ಬೀಮ್ ಹಾಕಿಸಿದ್ವಿ, ಪೇಪರ್ ತಿದ್ದೋದು ಬಿಟ್ಟಿದ್ವಿ, ತಪ್ಪು ಪೂರ್ತಿ ನಮ್ಮದೇ. ಒಂದೂಮುಕ್ಕಾಲು ಟನ್ ಜಾಸ್ತಿ ಆಗಿದ್ದು ಈ ವಿಮಾನಕ್ಕೆ ಲೆಕ್ಕಕ್ಕೇ ಇಲ್ಲ, ಅದು 120 ಟನ್ ಹೊರುತ್ತೆ. ತೊಂದರೆ ಏನಂದ್ರೆ ಬೀಮ್ ಎಲ್ಲಾ ಒಂದೇ ಕಡೆ ಇದ್ದಿದ್ದರಿಂದ ಗುರುತ್ವ ಕೇಂದ್ರ 8 ಸೆಂಟಿಮೀಟರ್ ಆ ಕಡೆ ಜಾರಿತ್ತು. ನಾವು ಫ್ರೇಮ್ ಮೇಲೆ ಬಣ್ಣದಲ್ಲಿ ಬರೆದ ಗುರುತೇ ಸುಳ್ಳು. ವಿಮಾನದೊಳಗೆ ಮೆಷಿನ್ ಎಲ್ಲಿ ನಿಲ್ಲಬೇಕು, ಚೈನ್ ಎಲ್ಲೆಲ್ಲಿ ಎಷ್ಟು, ಇಂಧನ ಯಾವ ಟ್ಯಾಂಕಲ್ಲಿ, ಎಲ್ಲಾ ಆ ಗುರುತಿನ ಮೇಲೆ ನಿಂತಿದೆ.

ಲೋಡ್‌ಮಾಸ್ಟರ್ ಬೈಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ತೆಗೆದು ಮತ್ತೆ ಮೊದಲಿಂದ ಲೆಕ್ಕ ಶುರು ಮಾಡಿದ್ರು. ಐದು ಗಂಟೆ ಹೋಯ್ತು. ಸೀನಿಯರ್ ನಂಗೆ ಹೇಳಿದ್ದು ಇಷ್ಟೇ: "ತಲೆ ಮೇಲೆ ಕೈ ಹೊತ್ತು ಕೂರಬೇಡ, ಹೋಗಿ ಹಳೇ ಗುರುತು ಕೆರೆದು ಹೊಸದು ಬರಿ." ಬರೆದೆ. ಕೈಗೆ ಬಣ್ಣ ಮೆತ್ತಿ ಎರಡು ದಿನ ಹೋಗಿರಲಿಲ್ಲ. ಅವತ್ತಿಂದ ಪ್ಯಾಕಿಂಗಲ್ಲಿ ಒಂದು ಬೋಲ್ಟ್ ಸೇರಿದ್ರೂ ಪೇಪರಲ್ಲಿ ಬರೀತೀನಿ.

ಸಂಜೆ ಹಸಿವೇ ಇರಲಿಲ್ಲ, ಆದ್ರೂ ಪಟ್ಟಣದ ಸಣ್ಣ ಹೋಟೆಲಲ್ಲಿ ಕ್ವಾರ್ಕ್‌ಕೊಯ್ಲ್‌ಶನ್ ಸಿಕ್ತು, ಆಲೂಗಡ್ಡೆ ಮತ್ತು ಮೊಸರಿನ ಗಟ್ಟಿ ಸೇರಿಸಿ ತಟ್ಟಿ ಕರಿದಿದ್ದು, ಪಕ್ಕದಲ್ಲಿ ಸೇಬಿನ ಗೊಜ್ಜು. ಬಡಿಸಿದ ಅಮ್ಮ ನನ್ನ ಕೈ ನೋಡಿ ಒಂದು ನಿಂಬೆ ಹೋಳು ತಂದಿಟ್ರು, ಉಜ್ಜು ಅಂತ ಸನ್ನೆ ಮಾಡಿ.

ದಿನ 5: ಮಂಡಿ ಊರಿದ ವಿಮಾನ

ಬೆಳಗ್ಗೆ ಮೈನಸ್ ನಾಲ್ಕು. ಮೂತಿ ಮೇಲೆದ್ದಿತು, ಮುಂದಿನ ಕಾಲು ಮಡಚಿ ಇಡೀ ವಿಮಾನ ಒಂಟೆ ಮಂಡಿ ಊರೋ ಹಾಗೆ ಮುಂದಕ್ಕೆ ಬಗ್ಗಿತು. ಫೋಟೋದಲ್ಲಿ ನೂರು ಸಲ ನೋಡಿದ್ದೆ, ಎದುರಿಗೆ ನಿಂತು ನೋಡೋದು ಬೇರೆ. ಒಳಗಿನ ಕ್ರೇನುಗಳಿಗೆ ನಮ್ಮ ಭಾರ ಆಗಲ್ಲ, ಹಾಗಾಗಿ ಹೊರಗಡೆ ಉದ್ದದ ಇಳಿಜಾರಿನ ಹಳಿ ಕಟ್ಟಿ, ಎರಡು ಮೊಬೈಲ್ ಕ್ರೇನಲ್ಲಿ ಮೆಷಿನ್ ಎತ್ತಿ ಅದರ ಮೇಲೆ ಕೂರಿಸಿದ್ರು. ಅಲ್ಲಿಂದ ವಿಂಚ್ ಎಳೆಯೋದು. ನಿಮಿಷಕ್ಕೆ ಒಂದೆರಡು ಗೇಣು, ನಿಲ್ಲೋದು, ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ಅಂತರ ಅಳೆಯೋದು, ಕೈ ಎತ್ತಿದ್ರೆ ಮತ್ತೆ ಎಳೆಯೋದು. ಯಾರೂ ಕೂಗಾಡಲ್ಲ. ನಾಲ್ಕು ಗಂಟೆ ಹೀಗೇ. ಕೈಗವಸು ತೆಗೆದು ಚೈನ್ ಮುಟ್ಟಿದೋನಿಗೆ ಚರ್ಮ ಅಂಟ್ಕೊಂಡಿತ್ತು, ಚಳಿಗಾಲದಲ್ಲಿ ಬರೋರು ಒಳಗೊಂದು ತೆಳು ಜೋಡಿ, ಮೇಲೊಂದು ದಪ್ಪ ಜೋಡಿ ಗವಸು ತನ್ನಿ.

ಚೈನ್ ಬಿಗಿಯೋದು ಮುಗಿದ ಮೇಲೆ ಲೋಡ್‌ಮಾಸ್ಟರ್ ಗಾಜಿನ ಲೋಟದಲ್ಲಿ ಚಹಾ ಕೊಟ್ರು. ಆಗ ಮಾತಾಡಿದ್ರು. ಮನೆ ಕೀವ್ ಪಕ್ಕದ ಹೊಸ್ಟೊಮೆಲ್ ಹತ್ರ. ಮ್ರಿಯಾ, ಅಂದ್ರೆ ಎಎನ್-124ಕ್ಕಿಂತಲೂ ದೊಡ್ಡ ವಿಮಾನ ಎಎನ್-225, ಇದ್ದ ಏರ್‌ಫೀಲ್ಡ್ ಅದೇ. 2009ರಲ್ಲಿ ಇದೇ ಜರ್ಮನಿಯ ಹಾನ್ ಏರ್‌ಪೋರ್ಟಿಂದ ಅರ್ಮೇನಿಯಾಗೆ ಫ್ರೇಮ್ ಸೇರಿ ಸುಮಾರು 190 ಟನ್‌ನ ಒಂದೇ ಜನರೇಟರ್ ಹೊತ್ತು ಹಾರಿದ್ದು ಅದು, ಒಂದೇ ವಸ್ತುವಾಗಿ ಅಷ್ಟು ಭಾರವನ್ನ ಯಾವ ವಿಮಾನವೂ ಹೊತ್ತಿಲ್ಲ. 2022ರ ಫೆಬ್ರವರಿಯಲ್ಲಿ ಹ್ಯಾಂಗರ್‌ನಲ್ಲೇ ಸುಟ್ಟುಹೋಯ್ತು. ನಾನು ಏನೋ ಕೇಳೋಕೆ ಹೋಗಿ ಮಾತು ನುಂಗಿದೆ. ಅವರೇ ಮುಂದುವರಿಸಿದ್ರು: 2025ರ ಜುಲೈನಲ್ಲಿ ಯುದ್ಧದ ನಡುವೆಯೇ ಒಂದು ಎಎನ್-124 ರಿಪೇರಿ ಆಗಿ ಕೀವ್‌ನಿಂದ ಎದ್ದು ಲೈಪ್‌ಜಿಗ್ಗಿಗೆ ಬಂತಲ್ಲ, ಅವತ್ತು ಇವರೆಲ್ಲಾ ಇಲ್ಲೇ ಕಾಯ್ತಾ ನಿಂತಿದ್ರಂತೆ. ಚಕ್ರ ನೆಲ ಮುಟ್ಟಿದಾಗ ಪಕ್ಕದಲ್ಲಿದ್ದ ಮೆಕ್ಯಾನಿಕ್ ನೆಲಕ್ಕೆ ಕೂತುಬಿಟ್ರು ಅಂತ ಹೇಳಿ ಲೋಟ ತೊಳೆಯೋಕೆ ಎದ್ದು ಹೋದ್ರು.

ರೆಕ್ಕೆ ಮೇಲಿನ ಮಂಜುಗಡ್ಡೆ ತೊಳೆಯೋಕೇ ಬಹಳ ಹೊತ್ತು ಹಿಡೀತು, ಆ ರೆಕ್ಕೆ 73 ಮೀಟರ್. ಸಂಜೆ ಕತ್ತಲಲ್ಲಿ ಹೊರಡ್ತು. ಬೇಲಿಯಾಚೆ ನಿಂತು ನೋಡಿದ್ವಿ, ನಾಲ್ಕು ಇಂಜಿನ್ನಿನ ಆ ಕೊರೆಯೋ ಸಿಳ್ಳೆ ಎದೆಗೂಡಲ್ಲಿ ಕೇಳುತ್ತೆ. ಸೀನಿಯರ್ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡಿದ್ರು.

ದಿನ 6: ಸ್ಪೈಯರ್

ವಾಪಸ್ ಹೋಗೋ ಮೊದಲು ಒಂದು ದಿನ ಉಳಿದಿತ್ತು, ರೈಲಲ್ಲಿ ಸ್ಪೈಯರ್‌ಗೆ ಹೋದ್ವಿ. ದಾರಿಯುದ್ದ ಮಳೆ, ನಿದ್ದೆ. ಅಲ್ಲಿನ ಟೆಕ್ನಿಕ್ ಮ್ಯೂಸಿಯಂನಲ್ಲಿ 747 ಒಂದನ್ನ ಕಂಬದ ಮೇಲೆ ಎತ್ತಿ ನಿಲ್ಲಿಸಿದ್ದಾರೆ, ಜನ ಎಲ್ಲಾ ಅದರ ರೆಕ್ಕೆ ಮೇಲೆ ಹತ್ತೋಕೆ ಸಾಲು ನಿಂತಿದ್ರು. ನಾವು ಸೀದಾ ಹೋಗಿದ್ದು ಆಂಟೊನೊವ್‌ನದೇ ಹಳೇ ಕಾರ್ಗೋ ವಿಮಾನ ಎಎನ್-22 ಹತ್ರ. 1965ರಲ್ಲಿ ಮೊದಲು ಹಾರಿದ್ದು, ಎದುರು-ಬದುರು ತಿರುಗೋ ಜೋಡಿ ಪ್ರೊಪೆಲ್ಲರ್‌ಗಳ ನಾಲ್ಕು ಇಂಜಿನ್, 80 ಟನ್ ಹೊರ್ತಿತ್ತು. ಒಳಗೆ ಹೋಗಬಹುದು. ಸೀನಿಯರ್ ಮೇಲೆ ಎಲ್ಲೂ ನೋಡದೆ ಬಗ್ಗಿ ನೆಲದ ಉಂಗುರಗಳನ್ನ, ಸವೆದ ಗೆರೆಗಳನ್ನ ಬೆರಳಲ್ಲಿ ಸವರ್ತಾ ಹಿಂದಿನ ಬಾಗಿಲವರೆಗೂ ಹೋದ್ರು. "ಇಲ್ಲಿ ನೋಡು, ಇಲ್ಲಿ ಯಾವುದೋ ಟ್ರ್ಯಾಕ್ ಇದ್ದ ಗಾಡಿ ಎಳೆದಿದ್ದಾರೆ" ಅಂತ ತೋರಿಸಿದ್ರು. ಮ್ಯೂಸಿಯಂ ಮುಚ್ಚೋವರೆಗೂ ಅಲ್ಲೇ ಇದ್ವಿ.

ವಾಪಸ್ ಬಂದು ಹನ್ನೊಂದು ದಿನಕ್ಕೆ ಶಾಕ್ ರೆಕಾರ್ಡರಿನ ಫೈಲ್ ಬಂತು. ಟೇಕಾಫ್ ಹುಡುಕಬೇಕಾದ್ರೆ ಟೈಮ್ ನೋಡ್ಕೊಂಡು ಹುಡುಕಬೇಕು, ಅಷ್ಟು ಸಣ್ಣ ಅಲೆ. ಲ್ಯಾಂಡಿಂಗ್ 0.6 ಜಿ. ಇಡೀ ಪ್ರಯಾಣದ ಅತಿ ದೊಡ್ಡ ಗೆರೆ 1.9, ಮೊದಲ ರಾತ್ರಿ 10 ಗಂಟೆ 41 ನಿಮಿಷಕ್ಕೆ, ವರ್ಕ್‌ಶಾಪ್ ಹೊರಗಿನ ಆ ಹಳೇ ಹಳಿ. ಮಿತಿಯೊಳಗೇ ಇತ್ತು, ಮೆಷಿನ್‌ಗೆ ಏನೂ ಆಗಿಲ್ಲ, ಈಗ ಓಡ್ತಾ ಇದೆ. ಮಾರ್ಚ್‌ನಲ್ಲಿ ಅದೇ ವರ್ಕ್‌ಶಾಪಿಂದ ಎರಡನೇ ಪೀಸ್ ಹೊರಡುತ್ತೆ, ಆ ಹಳಿ ಮೇಲೆ ಉಕ್ಕಿನ ಪ್ಲೇಟ್ ಹಾಸ್ಬೇಕು ಅಂತ ಎಸ್ಕಾರ್ಟ್ ಹಿರಿಯರಿಗೆ ನಿನ್ನೆ ಬರೆದೆ. ಅಳತೆ ತಗೊಂಡು ಆಗಿದೆ ಅಂತ ಉತ್ತರ ಬಂತು, ಜೊತೆಗೆ ಹಳಿ ಪಕ್ಕ ಟೇಪ್ ಹಿಡಿದು ಮಂಡಿಯೂರಿರೋ ಅವರದ್ದೇ ಒಂದು ಫೋಟೋ.